ಪ್ರಶ್ನೆ ಕೇಳಿದವರಿಗೆ ನಮ್ಮ ನಮಸ್ಕಾರ

ಮೆದುಳಿನ ರಸಾಯನದ ಬಗ್ಗೆ ಕನ್ನಡದಲ್ಲಿ ನಡೆಸುತ್ತಿದ್ದ ಪಾಠಮಾಲೆ ಈ ವಾರ ಮುಗಿಯಿತು. ಜಾಗ ಬಿಟ್ಟುಕೊಟ್ಟ ಶಾಲೆಗಳಿಗೆ, ಚಿತ್ರ ಬರೆದ ವಿದ್ಯಾರ್ಥಿಗಳಿಗೆ, ಕರಡು ತಿದ್ದಿದ ಗೆಳೆಯರಿಗೆ ಧನ್ಯವಾದ. ಆದರೆ ದೊಡ್ಡ ಋಣ ಇರುವುದು ಪ್ರಶ್ನೆ ಕೇಳಿದವರದ್ದು. ಮನೆಯಲ್ಲಿ ಕಾಯಿಲೆಯವರನ್ನು ಬಿಟ್ಟು ಬಂದವರು ಕೇಳಿದ್ದು ಮೆದುಳಿನ ಸಂದೇಶ ಒಯ್ಯುವ ರಾಸಾಯನಿಕವಾದ ಡೋಪಮೈನ್ ಎಂದರೇನು ಅಂತಲ್ಲ. ಎಷ್ಟು ಗಂಟೆ, ಎಷ್ಟು ಮಾತ್ರೆ, ಯಾವುದರ ಜೊತೆ ಯಾವುದು ಕೊಡಬಾರದು ಅಂತ. ಪಾಠ ಗಟ್ಟಿಯಾದದ್ದು ಅವರಿಂದಲೇ.

ಕುಡಿತ ಬಿಡಿಸುವ ಮಾತ್ರೆಯನ್ನು ಸಾಂಬಾರಿಗೆ ಗುಟ್ಟಾಗಿ ಬೆರೆಸಬಹುದೇ ಎಂದು ಕೇಳಿದ ಹೆಣ್ಣುಮಕ್ಕಳಿಗೆ ಮೊದಲ ನಮಸ್ಕಾರ. ಹತ್ತು ಜನರ ಮುಂದೆ ಅದನ್ನು ಬಾಯಿಬಿಟ್ಟು ಕೇಳಲು ಧೈರ್ಯ ಬೇಕು. ಉತ್ತರ: ಖಂಡಿತ ಬೇಡ. ಆ ಮಾತ್ರೆ ಡೈಸಲ್ಫಿರಾಮ್. ಮದ್ಯ ದೇಹದಲ್ಲಿ ಮೊದಲು ಅಸಿಟಾಲ್ಡಿಹೈಡ್ ಆಗುತ್ತದೆ, ಆಮೇಲೆ ಒಂದು ಕಿಣ್ವ ಅದನ್ನು ಕರಗಿಸುತ್ತದೆ. ಡೈಸಲ್ಫಿರಾಮ್ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ವಿಷ ರಕ್ತದಲ್ಲಿ ಏರಿ ಮುಖ ಕೆಂಪೇರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ವಾಂತಿಯಾಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಹೃದ್ರೋಗ ಇದ್ದವರ ಜೀವಕ್ಕೇ ಕುತ್ತು. ತಿಂದವನಿಗೆ ವಿಷಯ ಗೊತ್ತಿಲ್ಲದಿದ್ದರೆ ಅವನು ಕುಡಿಯದೆ ಇರುವುದಾದರೂ ಹೇಗೆ? ಕೊನೆಯ ಕುಡಿತದ ನಂತರ ಕನಿಷ್ಠ 12 ಗಂಟೆ ಕಳೆದ ಮೇಲೆ, ಅವನ ಒಪ್ಪಿಗೆಯಿಂದ, ವೈದ್ಯರ ಕಣ್ಣಳತೆಯಲ್ಲಷ್ಟೇ ಇದನ್ನು ಶುರು ಮಾಡುವುದು. ಮಾತ್ರೆ ನಿಲ್ಲಿಸಿದರೂ ಅದರ ಪರಿಣಾಮ ಎರಡು ವಾರದವರೆಗೂ ಉಳಿಯಬಹುದು. ಮದ್ಯಸಾರ ಇರುವ ಕೆಮ್ಮಿನ ಸಿರಪ್ಪೂ ಆ ಅವಧಿಯಲ್ಲಿ ಅಪಾಯ.

‘ಕೋಣೆಯಲ್ಲಿ ಕೂಡಿಹಾಕಿ ಇವತ್ತೇ ಬಿಡಿಸಿಬಿಡುತ್ತೇವೆ’ ಎಂದವರಿಗೆ ನಾವು ಗಂಟೆಗಳ ಲೆಕ್ಕ ಹೇಳಬೇಕಾಯಿತು. ಮದ್ಯ, ಮೆದುಳನ್ನು ಶಾಂತಗೊಳಿಸುವ ಗಾಬಾದ ಕೆಲಸ ಹೆಚ್ಚಿಸಿ, ಕೆರಳಿಸುವ ಗ್ಲುಟಮೇಟನ್ನು ತಗ್ಗಿಸುತ್ತದೆ. ವರ್ಷಗಟ್ಟಲೆ ಕುಡಿದಾಗ ಮೆದುಳು ಇದಕ್ಕೆ ಎದುರಾಗಿ ಹೊಂದಿಕೊಂಡಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಕೆರಳಿಕೆಯನ್ನು ತಡೆಯುವವರಿಲ್ಲ. 6ರಿಂದ 24 ಗಂಟೆಯೊಳಗೆ ಕೈನಡುಕ, ಬೆವರು. 48 ಗಂಟೆಯೊಳಗೆ ಫಿಟ್ಸ್ ಬರಬಹುದು. 48ರಿಂದ 96 ಗಂಟೆಯ ನಡುವೆ ಸನ್ನಿ. ನಡುಕ ಎರಡನೆಯ ದಿನ ತಗ್ಗಿತೆಂದು ನಿಶ್ಚಿಂತರಾಗಬೇಡಿ. ಹಿಂದೆ ಫಿಟ್ಸ್ ಬಂದವರನ್ನು, ಬೆಳಿಗ್ಗೆ ಏಳುತ್ತಲೇ ಕುಡಿಯುವವರನ್ನು ಆಸ್ಪತ್ರೆಯಲ್ಲೇ ಬಿಡಿಸಬೇಕು. ಅಲ್ಲಿ ಮೆದುಳನ್ನು ಶಾಂತಗೊಳಿಸುವ ಲೊರಾಜೆಪಾಮ್‌ನಂಥ ಮದ್ದು ಕೊಟ್ಟು, ಅದರ ಪ್ರಮಾಣವನ್ನು ದಿನದಿನವೂ ಇಳಿಸುತ್ತಾರೆ. ಬರೀ ಗ್ಲೂಕೋಸ್ ಬಾಟಲಿ ಏರಿಸಿದರೆ ಸಾಲದು, ಥಯಾಮಿನ್ (ಬಿ1 ಜೀವಸತ್ವ) ಮೊದಲು ಅಥವಾ ಜೊತೆಗೇ ಹೋಗಬೇಕು. ಇಲ್ಲದಿದ್ದರೆ ಕಣ್ಣುಗುಡ್ಡೆ ಸರಿಯಾಗಿ ಹೊರಳದೆ, ನಡಿಗೆ ತಪ್ಪಿ, ಗೊಂದಲ ಶುರುವಾಗುವ ವರ್ನಿಕೆ ಕಾಯಿಲೆಗೆ ದಾರಿ. ಈ ಮಾತನ್ನು ನಮ್ಮಿಂದ ಒತ್ತಿ ಹೇಳಿಸಿದವರು ವ್ಯಸನಮುಕ್ತಿ ವಾರ್ಡಿನ ನರ್ಸುಗಳು. ಅವರಿಗೆ ಕೈಮುಗಿಯುತ್ತೇವೆ.

ಬಿಟ್ಟು ತಿಂಗಳಾದ ಮೇಲೂ ಬಾರಿನ ಬೋರ್ಡು ಕಂಡೊಡನೆ ಆಸೆ ಉಕ್ಕುವುದೇಕೆ? ಈ ಪ್ರಶ್ನೆಗೆ ಉತ್ತರ ಕಲಿಕೆಯ ಪಾಠದಲ್ಲಿತ್ತು. ನರವಿಜ್ಞಾನಿ ವೋಲ್ಫ್‌ರಾಮ್ ಶುಲ್ಟ್ಸ್ ಅವರ ಪ್ರಯೋಗಗಳಲ್ಲಿ ಕೋತಿಗೆ ಹಣ್ಣಿನ ರಸ ಸಿಕ್ಕಾಗ ಡೋಪಮೈನ್ ನರಕೋಶಗಳು ಚುರುಕಾಗುತ್ತಿದ್ದವು. ರಸಕ್ಕೆ ಮುಂಚೆ ಸೂಚನೆ ಬರುತ್ತದೆಂದು ಕಲಿತ ಮೇಲೆ ಅವು ಸೂಚನೆಗೇ ಚುರುಕಾದವು, ರಸಕ್ಕಲ್ಲ. ಸೂಚನೆ ಬಂದೂ ರಸ ಬಾರದಿದ್ದರೆ ಆ ಹೊತ್ತಿಗೆ ಸರಿಯಾಗಿ ಮಂಕಾದವು. ಮಗು ಅಕ್ಷರ ಕಲಿಯುವುದಕ್ಕೂ ನೆರವಾಗುವ ಏರ್ಪಾಡು ಇದು. ಮದ್ಯ, ನಿಕೋಟಿನ್ ಅದನ್ನೇ ಬಳಸಿಕೊಳ್ಳುತ್ತವೆ. ಹಾಗಾಗಿ ಹಳೆಯ ದಾರಿ, ಹಳೆಯ ಹೊತ್ತು ಬದಲಿಸಿ ಎಂಬ ಸಲಹೆ ಬರೀ ಬಾಯಿಮಾತಲ್ಲ.

ಉನ್ಮಾದ, ಖಿನ್ನತೆ ಸರದಿಯಲ್ಲಿ ಬರುವ ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ಮದ್ದಿನ ಪಾಠಕ್ಕೆ ಔಷಧ ಅಂಗಡಿಯವರು ಬಂದದ್ದು ನಮಗೆ ತುಂಬ ಸಂತೋಷ ಕೊಟ್ಟಿತು. ಸಾಮಾನ್ಯವಾಗಿ ಲೀಟರ್ ರಕ್ತದಲ್ಲಿ 0.6ರಿಂದ 1.0 ಮಿಲಿಮೋಲ್ ಇದ್ದರೆ ಮದ್ದು, 1.5 ದಾಟಿದರೆ ವಿಷ. ರಕ್ತ ಕೊಡಬೇಕಾದ್ದು ಕೊನೆಯ ಮಾತ್ರೆಯ 12 ಗಂಟೆಯ ನಂತರ. ಪರೀಕ್ಷೆಯ ಬೆಳಿಗ್ಗೆ ಮಾತ್ರೆ ನುಂಗಿ ಹೋದರೆ ಲೆಕ್ಕ ತಪ್ಪುತ್ತದೆ. ದೇಹದಲ್ಲಿ ಉಪ್ಪು, ನೀರು ಕಡಿಮೆಯಾದಾಗ ಮೂತ್ರಪಿಂಡ ಸೋಡಿಯಂ ಜೊತೆ ಲಿಥಿಯಮ್ಮನ್ನೂ ಹಿಡಿದಿಟ್ಟುಕೊಳ್ಳುತ್ತದೆ. ವಾಂತಿಭೇದಿಯಾದಾಗ, ಒಮ್ಮೆಲೇ ಉಪ್ಪು ಬಿಟ್ಟಾಗ, ಮಟ್ಟ ಏರುವುದು ಹೀಗೆ. ಮೈಕೈ ನೋವಿಗೆ ಐಬುಪ್ರೊಫೆನ್ ನುಂಗಿದಾಗಲೂ ಮಟ್ಟ ಏರುತ್ತದೆ. ಕೈ ಜೋರಾಗಿ ನಡುಗಿ ಮಾತು ತೊದಲಿದರೆ ಮುಂದಿನ ಮಾತ್ರೆ ಕೊಡದೆ ಆಸ್ಪತ್ರೆಗೆ ಹೊರಡಿ. ನೋವಿನ ಮಾತ್ರೆ ಕೇಳಿ ಬಂದವರನ್ನು ‘ಲಿಥಿಯಂ ತಗೋತೀರಾ?’ ಎಂದು ವಿಚಾರಿಸುವ ಪ್ರತಿಯೊಬ್ಬ ಅಂಗಡಿಯವರಿಗೂ ನಮ್ಮ ವಂದನೆ.

ಕಣ್ಣಿನ ಪಾಠ ಆಶಾ ಕಾರ್ಯಕರ್ತೆಯರದು. ಅಕ್ಷಿಪಟದ ಕೋಶದಲ್ಲಿ ಬೆಳಕನ್ನು ಹಿಡಿಯುವ ರೆಟಿನಲ್ ಆಗುವುದು ಎ ಜೀವಸತ್ವದಿಂದ. ಅದಿಲ್ಲದ ಮಗು ಮುಸ್ಸಂಜೆ ತಡವರಿಸುತ್ತದೆ. 9ನೇ ತಿಂಗಳಿಗೆ 1 ಲಕ್ಷ ಯೂನಿಟ್, ಆಮೇಲೆ 5 ವರ್ಷದವರೆಗೆ 6 ತಿಂಗಳಿಗೊಮ್ಮೆ 2 ಲಕ್ಷ ಯೂನಿಟ್ ಮನೆಮನೆಗೆ ತಲುಪಿಸುವವರು ಅವರು.

ಹಿಂದಿನವರ ಋಣವೂ ಇದೆ. ಸರ್ಪಗಂಧದ ಬೇರು ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಒದಗುತ್ತದೆಂದು 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಬರೆದರು. ಅದರಿಂದ ತೆಗೆದ ರಿಸರ್ಪಿನ್ ಕೊಟ್ಟು ಮಂಕಾದ ಪ್ರಾಣಿಗಳನ್ನು 1957ರಲ್ಲಿ ಸ್ವೀಡನ್ನಿನ ವಿಜ್ಞಾನಿ ಅರ್ವಿಡ್ ಕಾರ್ಲ್‌ಸನ್, ದೇಹದಲ್ಲಿ ಡೋಪಮೈನ್ ಆಗಿ ಬದಲಾಗುವ ಎಲ್-ಡೋಪಾದಿಂದ ಎಬ್ಬಿಸಿದರು. ಡೋಪಮೈನ್ ಕೊರತೆಯಿಂದ ಕೈಕಾಲು ನಡುಗಿ ಬಿಗಿಯುವ ಪಾರ್ಕಿನ್ಸನ್ ಕಾಯಿಲೆಯ ಚಿಕಿತ್ಸೆಗೆ ದಾರಿಯಾದದ್ದು ಆ ಕೆಲಸ.

ನಸುಗುನ್ನಿ ಬೀಜದಲ್ಲೂ ಎಲ್-ಡೋಪಾ ಇದೆಯಲ್ಲ, ಪಾರ್ಕಿನ್ಸನ್ ಇದ್ದವರಿಗೆ ಪುಡಿ ಮಾಡಿ ಕೊಡಬಹುದೇ ಎಂದು ಕೊನೆಯ ದಿನ ಕೇಳಿದ ರೈತರಿಗೆ ವಿಶೇಷ ಧನ್ಯವಾದ. ಇದೆ, ನಿಜ. ಆದರೆ ಬೀಜದಿಂದ ಬೀಜಕ್ಕೆ ಪ್ರಮಾಣ ಬೇರೆ. ಪಾರ್ಕಿನ್ಸನ್ ಮಾತ್ರೆಯಲ್ಲಿ ಎಲ್-ಡೋಪಾವನ್ನು ದಾರಿಯಲ್ಲಿ ಕಾಯುವ ಕಾರ್ಬಿಡೋಪಾ ಪುಡಿಯಲ್ಲಿಲ್ಲ, ಹಾಗಾಗಿ ಮದ್ದಿನ ಬಹುಪಾಲು ಮೆದುಳು ಸೇರುವ ಮೊದಲೇ ಡೋಪಮೈನ್ ಆಗಿ ವಾಕರಿಕೆ ತರಿಸುತ್ತದೆ. ಮಾತ್ರೆಯ ಜೊತೆ ಪುಡಿಯನ್ನೂ ಕೊಟ್ಟರೆ ಪ್ರಮಾಣ ಮೀರುತ್ತದೆ. ಈಗಾಗಲೇ ಕೊಡುತ್ತಿದ್ದರೆ ವೈದ್ಯರಿಂದ ಮುಚ್ಚಿಡಬೇಡಿ.