ವಿಮಾನಕ್ಕಿಂತ ಮೊದಲು ಹೊಳೆ ನೋಡಿ

ಮಾನ್ಯ ಸಂಪಾದಕರೇ,

ನೇತ್ರಾವತಿಯಲ್ಲೋ ಮಲ್ಪೆಯಲ್ಲೋ ಜಲವಿಮಾನ ಇಳಿಸುವ ಮಾತು ನಮ್ಮ ಕರಾವಳಿಯಲ್ಲಿ ಆಗಾಗ ಎದ್ದು ತಣ್ಣಗಾಗುತ್ತದೆ. ಎದ್ದಾಗಲೆಲ್ಲ ಚರ್ಚೆ ಜೆಟ್ಟಿ, ಟಿಕೆಟ್ ದರ, ಪ್ರವಾಸಿಗರ ಸುತ್ತಲೇ. ಹೊಳೆಯ ವಿಷಯ ಯಾರೂ ಎತ್ತುವುದಿಲ್ಲ. ಹೊಳೆಯಲ್ಲಿ ವಿಮಾನ ಇಳಿಸುವುದನ್ನು ದಿನನಿತ್ಯದ ಕೆಲಸವಾಗಿ ಮಾಡಿಕೊಂಡು ಬಂದವರು ಮಳೆಕಾಡಿನಲ್ಲಿ ಕ್ರೈಸ್ತ ಮಿಷನರಿಗಳಿಗಾಗಿ ವಿಮಾನ ಹಾರಿಸುವವರು. 1946ರಲ್ಲಿ ಬೆಟ್ಟಿ ಗ್ರೀನ್ ಎಂಬ ಪೈಲಟ್ ಮೆಕ್ಸಿಕೊಕ್ಕೆ ಹಾರಿ ಮಿಷನ್ ಏವಿಯೇಶನ್ ಫೆಲೋಶಿಪ್‌ನ ಕೆಲಸಕ್ಕೆ ನಾಂದಿ ಹಾಡಿದರು. 1948ರಲ್ಲಿ ಇಂಥದೇ ಇನ್ನೊಂದು ಸಂಸ್ಥೆ ಜಾರ್ಸ್ ಪೆರುವಿನ ಅಮೆಜಾನ್ ಕಾಡಿಗಾಗಿ ಹುಟ್ಟಿತು. ಧರ್ಮಪ್ರಚಾರದ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ರಸ್ತೆಯಿಲ್ಲದ ಊರಿನ ರೋಗಿಯನ್ನು ಆಸ್ಪತ್ರೆಗೆ ಮುಟ್ಟಿಸಲು ಇವರು ರೂಢಿಸಿಕೊಂಡ ಶಿಸ್ತು ನಮಗೂ ಬೇಕು.

ಪೆರುವಿನಲ್ಲಿ ಜಾರ್ಸ್‌ನವರ ನೆಲೆ ಇದ್ದದ್ದು ಉಕಯಾಲಿ ನದಿಯ ಹರಿವಿನಲ್ಲಲ್ಲ, ನದಿ ಪಾತ್ರ ಬದಲಿಸಿದಾಗ ಪಕ್ಕದಲ್ಲಿ ಉಳಿದ ಯಾರಿನಕೋಚ ಸರೋವರದ ದಡದಲ್ಲಿ. ನೆರೆ ಬಂದ ಹೊಳೆ ಮರದ ದಿಮ್ಮಿ ಹೊತ್ತು ತರುತ್ತದೆ. ತೇಲುವ ದಿಮ್ಮಿ ಕಣ್ಣಿಗೆ ಬೀಳುತ್ತದೆ. ನೀರು ಕುಡಿದು ಒಂದು ಗೇಣು ಕೆಳಗೆ ಮುಳುಗಿ ಬರುವುದು ಕಾಣುವುದಿಲ್ಲ. ವಿಮಾನವನ್ನು ನೀರಿನ ಮೇಲೆ ತೇಲಿಸುವ, ದೋಣಿಯಾಕಾರದ ಟೊಳ್ಳು ಫ್ಲೋಟ್ ಬರೀ ತೆಳು ಅಲ್ಯೂಮಿನಿಯಂ ತಗಡು, ಆ ವೇಗದಲ್ಲಿ ತಾಗಿದರೆ ಸೀಳಿ ಹೋಗುತ್ತದೆ. ಅದಕ್ಕೇ ಇಳಿಯುವ ಮೊದಲು ಒಮ್ಮೆ ಹೊಳೆಯುದ್ದಕ್ಕೂ ತಗ್ಗಾಗಿ ಹಾರಿ ನೋಡುತ್ತಾರೆ. ಆಟಿ ತಿಂಗಳ ನೇತ್ರಾವತಿಯೂ ಹೀಗೆಯೇ ಕೆಂಪಾಗಿ ಹರಿಯುತ್ತದೆ. ಇಲ್ಲಿ ಹೊಯ್ಗೆ ದೋಣಿ, ಮೀನಿನ ಬಲೆ, ಹೊಳೆ ದಾಟುವ ವಿದ್ಯುತ್ ತಂತಿ ಬೇರೆ. ತಂತಿ ಮೇಲಿನಿಂದ ಕಾಣುವುದೇ ಇಲ್ಲ. ಎರಡು ದಡದ ಕಂಬ ಹುಡುಕಿ ಇದೆಯೆಂದು ಊಹಿಸಬೇಕು.

ಫ್ಲೋಟ್ ಒಳಗೆ ಹಲವು ಕೋಣೆಗಳಿರುತ್ತವೆ. ಪ್ರತಿ ಕೋಣೆಗೂ ಒಂದು ಕೊಳವೆ, ಅದರ ಬಾಯಿಗೆ ರಬ್ಬರ್ ಚೆಂಡು. ದಿನದ ಮೊದಲ ಹಾರಾಟಕ್ಕೆ ಮುಂಚೆ ಚೆಂಡು ತೆಗೆದು ಕೈಪಂಪಿನಿಂದ ನೀರು ಎಳೆಯಬೇಕು, ಎಷ್ಟು ಸಲ ಎಳೆದೆವೆಂದು ಎಣಿಸಬೇಕು. ನಿನ್ನೆ ಐದು ಇದ್ದದ್ದು ಇಂದು ಮೂವತ್ತಾದರೆ ಆ ಕೋಣೆಯ ರಿವೆಟ್ಟೋ ಜೋಡಣೆಯೋ ಸಡಿಲವಾಗಿದೆ. ಹಿಂದಿನ ಕೋಣೆಯಲ್ಲಿ 40 ಲೀಟರ್ ಉಳಿದರೆ 40 ಕಿಲೊ ಬಾಲದ ಕಡೆ ಹೇರಿದಂತೆ. ವಿಮಾನ ಮೂಗೆತ್ತಿಕೊಂಡೇ ಇರುತ್ತದೆ, ನೀರು ಬಿಟ್ಟೇಳಲು ಒದ್ದಾಡುತ್ತದೆ. ಕಾಡಿನ ಸಿಹಿನೀರಿನಲ್ಲಿ ಇಲ್ಲದ ಇನ್ನೊಂದು ಕಷ್ಟ ನಮಗುಂಟು. ಅಳಿವೆಯಿಂದ ಉಬ್ಬರದಲ್ಲಿ ಉಪ್ಪುನೀರು ಮೇಲೆ ಬರುತ್ತದೆ. ಅಂದಂದೇ ಸಿಹಿನೀರಿನಲ್ಲಿ ತೊಳೆಯದಿದ್ದರೆ ಉಪ್ಪು ಲೋಹವನ್ನು ತಿನ್ನುತ್ತದೆ.

ನೋಡುವವರಿಗೆ ಅಲೆಯ ಭಯ. ಪೈಲಟ್‌ಗಳಿಗೆ ಹೆಚ್ಚು ಭಯ ಗಾಳಿಯಿಲ್ಲದ ಬೆಳಗಿನ ಕನ್ನಡಿಯಂಥ ನೀರಿನದು. ಮೋಡವೂ ಮರವೂ ನೀರೊಳಗೇ ಕಾಣುವಾಗ ಮೇಲ್ಮೈ ಎಲ್ಲಿದೆಯೆಂದು ಕಣ್ಣಿಗೆ ತಿಳಿಯದು. ಇನ್ನೂ ಐವತ್ತು ಅಡಿ ಇದೆಯೆಂದುಕೊಂಡವರು ನೇರ ನೀರಿಗೆ ಅಪ್ಪಳಿಸುತ್ತಾರೆ. ಬಂದೇ ಬಿಟ್ಟಿತು ಎಂದುಕೊಂಡವರು ಎತ್ತರದಲ್ಲೇ ವೇಗ ಕಳೆದು ಬೀಳುತ್ತಾರೆ. ಉಪಾಯ ಒಂದೇ: ದಡದ ಮರಗಳನ್ನು ಪಕ್ಕದಲ್ಲಿಟ್ಟುಕೊಂಡು, ಮೂಗು ತುಸು ಎತ್ತಿ, ಎಂಜಿನ್ ಶಕ್ತಿ ಸ್ವಲ್ಪ ಉಳಿಸಿ, ನಿಮಿಷಕ್ಕೆ ಸುಮಾರು 150 ಅಡಿಯಂತೆ ಇಳಿಯುತ್ತ, ಫ್ಲೋಟ್ ನೀರಿಗೆ ತಾಗುವ ತನಕ ಏನನ್ನೂ ಬದಲಿಸದಿರುವುದು. ಇದಕ್ಕೆ ಬಹಳ ಉದ್ದ ನೀರು ಬೇಕು. ಸಾಧಾರಣ ದಿನಕ್ಕೆ ಲೆಕ್ಕ ಹಾಕಿದ ಉದ್ದ ಅಂಥ ಬೆಳಿಗ್ಗೆ ಸಾಲುವುದಿಲ್ಲ.

ಚಕ್ರವೂ ಇರುವ ಫ್ಲೋಟ್ ಆದರೆ, ಚಕ್ರ ಕೆಳಗಿಟ್ಟು ನೀರಿಗಿಳಿದರೆ ವಿಮಾನ ಮಗುಚುತ್ತದೆ. ಆದ್ದರಿಂದ ‘ನೀರಿಗೆ ಇಳಿಯುತ್ತಿದ್ದೇನೆ, ಚಕ್ರ ಮೇಲಿದೆ’ ಎಂದು ಪೈಲಟ್ ಪ್ರತಿ ಸಲ ಬಾಯಿಬಿಟ್ಟು ಹೇಳಿಕೊಳ್ಳುತ್ತಾರೆ. ನೀರಿನಲ್ಲಿ ಬ್ರೇಕ್ ಇಲ್ಲ. ದಡ ಬರುವ ಮುಂಚೆಯೇ ಎಂಜಿನ್ ನಿಲ್ಲಿಸಿ ತೇಲಿಕೊಂಡು ಬರಬೇಕು, ಹಗ್ಗ ಹಿಡಿಯಲು ತಿಳಿದ ಒಬ್ಬರು ಅಲ್ಲಿರಬೇಕು. ತಿರುಗುವ ಪ್ರೊಪೆಲ್ಲರ್ ಕಣ್ಣಿಗೆ ಕಾಣದು, ಮಕ್ಕಳು ಓಡಿ ಬರುತ್ತಾರೆ.

ಭಾರದ ಲೆಕ್ಕ ಇನ್ನೂ ಬಿಗಿ. 100 ಲೀಟರ್ ಅವ್‌ಗ್ಯಾಸ್, ಅಂದರೆ ಸಣ್ಣ ವಿಮಾನದ ಪೆಟ್ರೋಲ್, ಸುಮಾರು 72 ಕಿಲೊ, ಅಂದರೆ ಒಬ್ಬ ಪ್ರಯಾಣಿಕ. ಊರಲ್ಲಿ ಇಂಧನ ಇಲ್ಲದಿದ್ದರೆ ವಾಪಸಿನದೂ ಹೊತ್ತೇ ಹೋಗಬೇಕು. ಡ್ರಮ್ಮಿನಲ್ಲಿ ಇಟ್ಟರೆ ತೇವದ ಹವೆಗೆ ಒಳಗೆ ನೀರು ಇಳಿದು ತಳ ಸೇರುತ್ತದೆ. ದಿನವೂ ಟ್ಯಾಂಕಿನ ತಳದಿಂದ ಗಾಜಿನ ಲೋಟಕ್ಕೆ ಬಿಟ್ಟು ನೋಡದೆ ಹಾರಿದರೆ ಎಂಜಿನ್ ನಡುದಾರಿಯಲ್ಲಿ ನಿಲ್ಲಬಹುದು.

ದಡದವರ ಒಪ್ಪಿಗೆಯ ಮಾತೂ ಇದೆ. 1956ರ ಜನವರಿಯಲ್ಲಿ ಈಕ್ವೆಡಾರಿನ ಕುರಾರೈ ನದಿಯ ಮರಳದಿಣ್ಣೆಯಲ್ಲಿ ಇಳಿದ ಮಿಷನ್ ಪೈಲಟ್ ನೇಟ್ ಸೇಂಟ್ ಮತ್ತು ನಾಲ್ವರು ಜೊತೆಗಾರರು ಅಲ್ಲಿನ ವಾವೊರಾನಿ ಜನರ ಈಟಿಗೆ ಬಲಿಯಾದರು. ಕೌಶಲ ಕಡಿಮೆ ಇರಲಿಲ್ಲ: ವಿಮಾನವನ್ನು ಬಿಗಿಯಾಗಿ ಸುತ್ತಿಸಿ, ಉದ್ದ ಹಗ್ಗದ ತುದಿಯ ಬಕೆಟ್ಟು ಕೆಳಗೆ ಹೆಚ್ಚುಕಡಿಮೆ ಅಲುಗದೆ ನಿಲ್ಲುವಂತೆ ಮಾಡಿ ಉಡುಗೊರೆ ಇಳಿಸಿದ್ದವರು ಅವರು. ನಮ್ಮ ಸಂದರ್ಭ ಬೇರೆಯೇ, ಆದರೂ ಬಲೆ ಹಾಕುವವರನ್ನು ಕೇಳದೆ ಹೊಳೆಯನ್ನು ಗುರುತು ಹಾಕಿ ಕಾದಿರಿಸುವುದು ತಪ್ಪು.

ಜಿಲ್ಲಾಡಳಿತಕ್ಕೆ ನಮ್ಮ ವಿನಂತಿ ಇಷ್ಟು. ಹೊಳೆ ದಾಟುವ ಪ್ರತಿಯೊಂದು ತಂತಿಯ ಎತ್ತರ ಅಳೆದು ನಕ್ಷೆಯಲ್ಲಿ ಹಾಕಿಸಿ. ಮೀನುಗಾರರ ಜೊತೆ ಕೂತು ಬಲೆಯ ಜಾಗ, ಹೊತ್ತು ಬರೆದುಕೊಳ್ಳಿ. ಮಳೆಕಾಡಿನ ಊರಿನವರು ರೇಡಿಯೊದಲ್ಲಿ ಬೆಳಿಗ್ಗೆ ತಿಳಿಸುವ ಹಾಗೆ ನೀರಿನ ಮಟ್ಟ, ಗಾಳಿ, ದಿಮ್ಮಿ, ಎಷ್ಟು ದೂರದ ತೆಂಗಿನಮರ ಕಾಣುತ್ತಿದೆ ಎಂಬುದನ್ನು ಜೂನ್‌ನಿಂದ ಮುಂದಿನ ಮೇ ತನಕ ದಿನವೂ ಆರು ಗಂಟೆಗೆ ಪುಸ್ತಕದಲ್ಲಿ ದಾಖಲಿಸಿ. ವಿಮಾನದ ಟೆಂಡರ್ ಆಮೇಲೆ ಕರೆಯಬಹುದು.

– ಇಬ್ಬರು ನಿವೃತ್ತ ವಿಮಾನ ತಂತ್ರಜ್ಞರು, ಮಂಗಳೂರು