ಶನಿವಾರ ಬೆಳಿಗ್ಗೆ ಹಳ್ಳದ ಬದಿಗೆ ಬನ್ನಿ

ಪ್ರಿಯ ಪೋಷಕರೇ,

ನಮಸ್ಕಾರ.

ಹೋದ ಶನಿವಾರ ಶಾಲೆಯ ಹಿಂದಿನ ಹಳ್ಳದ ಬದಿಯಲ್ಲಿ ಕಸ ಹೆಕ್ಕುವುದಕ್ಕೆ ನಿಮ್ಮಲ್ಲಿ ಹಲವರು ಬಂದಿದ್ದಿರಿ. ಅಕ್ಕಪಕ್ಕದ ಮನೆಗಳವರು ಕೆಲವು ತಿಂಗಳಿಂದ ತಾವಾಗಿಯೇ ಈ ಕೆಲಸ ಮಾಡುತ್ತಿದ್ದಾರೆ. ಅವರು ಕರೆದರು ಅಂತ ನಮ್ಮ ಏಳನೇ ತರಗತಿಯ ಮಕ್ಕಳೂ ಹೋದರು. ಬಂದವರಿಗೆಲ್ಲ ಮನಸಾರೆ ಧನ್ಯವಾದ. ಅಲ್ಲಿ ಏನೇನು ಸಿಕ್ಕಿತು ಅನ್ನೋದನ್ನು ಬಾರದಿದ್ದವರಿಗೂ ಹೇಳಬೇಕು ಅನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಆ ಸ್ವಯಂಸೇವಕರದ್ದು ಒಂದು ನಿಯಮ. ಚೀಲಕ್ಕೆ ಹಾಕುವ ಮುಂಚೆ ಪ್ರತಿಯೊಂದು ವಸ್ತುವನ್ನೂ ಬರೆದುಕೊಳ್ಳಬೇಕು. ಇಬ್ಬರು ಹೆಕ್ಕುತ್ತಿದ್ದರೆ ಮೂರನೆಯವರು ಪುಸ್ತಕ ಹಿಡಿದು ಗೆರೆ ಎಳೆಯುತ್ತಾ ಹೋಗಬೇಕು. ಇದರಿಂದ ಕೆಲಸ ತಡವಾಗುತ್ತೆ ಅಲ್ವಾ ಅಂತ ನಾನು ಕೇಳಿದೆ. ಸಂಜೆ ಆ ಪುಸ್ತಕ ತೆರೆದಾಗ ನನಗೆ ಉತ್ತರ ಸಿಕ್ಕಿತು.

ಹೀಗೆ ಎಣಿಸುವ ಅಭ್ಯಾಸ ಹಳೆಯದು. 1986ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಲಿಂಡಾ ಮರಾನಿಸ್ ಮತ್ತು ಕ್ಯಾಥಿ ಓಹಾರಾ ಎಂಬ ಇಬ್ಬರು ಸಮುದ್ರ ತೀರದ ಕಸ ತೆಗೆಯಲು ಜನರನ್ನು ಕರೆದರು. ಸುಮಾರು 2,800 ಜನ ಬಂದರು. ಸಿಕ್ಕಿದ್ದನ್ನೆಲ್ಲ ಬರೆದಿಡಿ ಅಂತ ಅವರಿಗೆ ಹೇಳಲಾಗಿತ್ತು. ಇವತ್ತು ಎಷ್ಟೋ ದೇಶಗಳಲ್ಲಿ ತೀರ ಸ್ವಚ್ಛ ಮಾಡುವವರು ಹಾಗೇ ಬರೆದಿಡುತ್ತಾರೆ. ಅತಿ ಹೆಚ್ಚು ಸಿಗುವ ವಸ್ತುಗಳಲ್ಲಿ ಸಿಗರೇಟ್ ತುಂಡೂ ಒಂದು ಅಂತ ಗೊತ್ತಾಗಿದ್ದು ಎಣಿಸಿದ್ದರಿಂದಲೇ. ಅದರ ತುದಿ ನೋಡೋಕೆ ಹತ್ತಿಯ ಹಾಗಿದ್ದರೂ ಹತ್ತಿಯಲ್ಲ, ಅದು ಒಂದು ಬಗೆಯ ಪ್ಲಾಸ್ಟಿಕ್.

ನಮ್ಮ ಪುಸ್ತಕದಲ್ಲಿ ಗೆರೆ ಜಾಸ್ತಿ ಬಿದ್ದದ್ದು ತಿಂಡಿಯ ಕವರುಗಳಿಗೆ, ಸ್ಟ್ರಾಗಳಿಗೆ, ಆಮೇಲೆ ಖಾಲಿ ರೀಫಿಲ್ ಮತ್ತು ಪೆನ್ನಿನ ಮುಚ್ಚಳಗಳಿಗೆ. ಒಬ್ಬಳು ಹುಡುಗಿ ಕೆಸರು ಮೆತ್ತಿದ ಪುಸ್ತಕದ ಲೇಬಲ್ ಒಂದನ್ನು ಎತ್ತಿ, ಹೆಬ್ಬೆರಳಿನಿಂದ ಒರೆಸಿ, ಸ್ವಲ್ಪ ಹೊತ್ತು ನೋಡುತ್ತಾ ನಿಂತಳು. ಆಮೇಲೆ ಮೆಲ್ಲಗೆ, "ಟೀಚರ್, ಇದು ನಮ್ಮ ಕ್ಲಾಸಿಂದೇ" ಅಂದಳು. ಅಂಗಳದ ಕಸದ ಡಬ್ಬಗಳಿಗೆ ಮುಚ್ಚಳ ಇರಲಿಲ್ಲ. ಗಾಳಿ ಬೀಸಿದಾಗಲೆಲ್ಲ ಕಾಂಪೌಂಡ್ ದಾಟಿ ಹೋಗುತ್ತಿದ್ದದ್ದು ನಮ್ಮದೇ ಕಸ. ತಪ್ಪು ಶಾಲೆಯದು, ಅದನ್ನು ಒಪ್ಪಿಕೊಳ್ಳುತ್ತೇನೆ. ಸೋಮವಾರವೇ ಎಲ್ಲ ಡಬ್ಬಗಳಿಗೂ ಮುಚ್ಚಳ ಹಾಕಿಸಿದ್ದೇವೆ.

ಇನ್ನೊಂದನ್ನು ಹೇಳಲೇಬೇಕು. ಪೊದೆಯ ಬುಡದಲ್ಲಿ ಒಂದು ಗಾಜಿನ ಬಾಟಲಿ ಬಾಯಿ ಮೇಲೆ ಮಾಡಿಕೊಂಡು ವಾಲಿ ಬಿದ್ದಿತ್ತು. ಒಳಗೆ ಕಪ್ಪು ಮುದ್ದೆ. ಒಬ್ಬ ಹುಡುಗ ಅದನ್ನು ಕಾಗದದ ಮೇಲೆ ಬಗ್ಗಿಸಿದ. ಎಲ್ಲ ಸತ್ತ ಜೀರುಂಡೆಗಳು. ವಾಸನೆ ಹಿಡಿದು ಒಳಗೆ ಇಳಿದ ಹುಳಕ್ಕೆ ನುಣುಪಾದ ಗಾಜು ಹತ್ತಿ ಹೊರಗೆ ಬರೋಕೆ ಆಗುವುದಿಲ್ಲ. ಅದು ಸತ್ತು ಕೊಳೆತರೆ ಆ ವಾಸನೆಗೆ ಮತ್ತೊಂದು ಬರುತ್ತದೆ. ಸುಂಡಿಲಿಯಂಥ ಪುಟ್ಟ ಪ್ರಾಣಿಗಳೂ ಹೀಗೇ ಸಿಕ್ಕಿಕೊಳ್ಳುತ್ತವೆ. ಮಕ್ಕಳು ಅಲ್ಲೇ ಕೂತು ಒಂದೊಂದಾಗಿ ಎಣಿಸಿದರು. ಅಷ್ಟು ಹೊತ್ತೂ ಯಾರೂ ಗಲಾಟೆ ಮಾಡಲಿಲ್ಲ.

ಮಳೆಗಾಲ ಶುರುವಾಗುವ ಮುಂಚೆ ಉಳಿದ ಭಾಗ ಮುಗಿಸಬೇಕು ಅನ್ನೋದು ನನ್ನ ಆಸೆ. ಒಂದು ಜೋರು ಮಳೆ ಸಾಕು, ದಡದಲ್ಲಿರುವುದೆಲ್ಲ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ಹೋಗುತ್ತದೆ. ಪ್ಲಾಸ್ಟಿಕ್ ಎಲೆಯ ಹಾಗೆ ಕೊಳೆತು ಮಣ್ಣಾಗುವುದಿಲ್ಲ. ಬಿಸಿಲಿಗೆ ಒಣಗಿ, ಪೆಡಸಾಗಿ, ಚೂರು ಚೂರಾಗುತ್ತದೆ. 5 ಮಿಲಿಮೀಟರಿಗಿಂತ ಚಿಕ್ಕ ಚೂರುಗಳನ್ನು ಮೈಕ್ರೋಪ್ಲಾಸ್ಟಿಕ್ ಅನ್ನುತ್ತಾರೆ. ಅಷ್ಟಾದ ಮೇಲೆ ಯಾವ ಕೈಯೂ ಅದನ್ನು ಹೆಕ್ಕಲಾರದು. ಕವರು ಇಡಿಯಾಗಿರುವಾಗ ಒಮ್ಮೆ ಬಗ್ಗಿದರೆ ಕೆಲಸ ಮುಗಿಯಿತು.

ಬರುವ ಶನಿವಾರ ಬೆಳಿಗ್ಗೆ 7ರಿಂದ 9ರವರೆಗೆ ಮತ್ತೆ ಸೇರುತ್ತೇವೆ. ದಯವಿಟ್ಟು ಮಗುವಿನ ಜೊತೆ ನೀವೂ ಬನ್ನಿ. ಬರೀ ಮಕ್ಕಳನ್ನು ಕಳಿಸಿದರೆ ಇದು ಶಾಲೆಯ ಇನ್ನೊಂದು ಹೋಂವರ್ಕ್ ಆಗಿಬಿಡುತ್ತದೆ. ಅಪ್ಪ ಅಮ್ಮ ಬಗ್ಗಿ ಕಸ ಎತ್ತುವುದನ್ನು ನೋಡಿದ ಮಗುವಿಗೆ ನಾವು ಪಾಠ ಮಾಡಬೇಕಾಗಿಲ್ಲ. ಅಜ್ಜ ಅಜ್ಜಿ ಬಂದರೆ ಇನ್ನೂ ಸಂತೋಷ. ಬಗ್ಗಲು ಆಗದವರು ನೆರಳಲ್ಲಿ ಕೂತು ಪುಸ್ತಕ ಬರೆಯಬಹುದು, ಅದೇ ಮುಖ್ಯ ಕೆಲಸ.

ಮಕ್ಕಳಿಗೆ ಬೆರಳು ಮುಚ್ಚುವ ಶೂ ಹಾಕಿಸಿ, ಚಪ್ಪಲಿ ಬೇಡ. ತುಂಬು ತೋಳಿನ ಹಳೆಯ ಬಟ್ಟೆ ಇರಲಿ. ಕೈಗವಸು, ಚೀಲ, ಸೋಪು ನಾವು ಕೊಡುತ್ತೇವೆ, ಕುಡಿಯುವ ನೀರು ಮಾತ್ರ ಮನೆಯಿಂದ ತನ್ನಿ. ಒಡೆದ ಗಾಜು, ಸೂಜಿ, ಬ್ಲೇಡು ಕಂಡರೆ ಮಕ್ಕಳು ಮುಟ್ಟುವಂತಿಲ್ಲ, ದೊಡ್ಡವರನ್ನು ಕರೆಯಬೇಕು. ಇದನ್ನು ಮನೆಯಲ್ಲೇ ಒಮ್ಮೆ ಹೇಳಿ ಕಳಿಸಿ. ನೀರಿಗೆ ಯಾರೂ ಇಳಿಯುವುದಿಲ್ಲ. ತರಗೆಲೆ, ಒಣಗಿದ ಕಡ್ಡಿ ಕಸವಲ್ಲ, ಅದು ಹುಳಹುಪ್ಪಟೆಯ ಮನೆ. ಹೋದ ಸಲ ಉತ್ಸಾಹದಲ್ಲಿ ಕೆಲವರು ಅದನ್ನೂ ಗುಡಿಸಿಬಿಟ್ಟರು. ಈ ಸಲ ಅದು ಅಲ್ಲೇ ಇರಲಿ. ಹೆಕ್ಕಿದ ಕಸವನ್ನು ಅಲ್ಲೇ ಗುಡ್ಡೆ ಹಾಕಿ ಸುಡುವುದಂತೂ ಬೇಡವೇ ಬೇಡ.

ಮುಖ್ಯವಾಗಿ ಒಂದು ಮಾತು. ಮಗುವಿನ ಚೀಲದಲ್ಲಿ ದಿನವೂ ಏನೇನು ಕವರು ಬರುತ್ತದೆ ಅಂತ ಈ ವಾರ ಸ್ವಲ್ಪ ನೋಡಿ. ಡಬ್ಬಿಯಲ್ಲಿ ಕಳಿಸಬಹುದಾದದ್ದನ್ನು ಡಬ್ಬಿಯಲ್ಲೇ ಕಳಿಸಿ. ನಮ್ಮ ಪುಸ್ತಕದ ಮೊದಲ ಪುಟದಲ್ಲಿ ಗೆರೆ ಕಡಿಮೆಯಾಗಬೇಕಾದರೆ ಕೆಲಸ ಅಲ್ಲಿಂದಲೇ ಶುರುವಾಗಬೇಕು.

ಎಣಿಕೆಯ ಆ ಪುಸ್ತಕವನ್ನು ಆಫೀಸಿನ ಬಾಗಿಲ ಬಳಿ ಇಟ್ಟಿದ್ದೇವೆ. ಮಗುವನ್ನು ಬಿಡಲು ಬಂದಾಗ ತೆರೆದು ನೋಡಿ. ಶನಿವಾರ ಬರುವವರು ಅದರ ಕೊನೆಯ ಪುಟದಲ್ಲಿ ಹೆಸರು ಬರೆದು ಹೋಗಿ, ಕೈಗವಸು ಎಷ್ಟು ಬೇಕು ಅಂತ ನಮಗೆ ಗೊತ್ತಾಗುತ್ತದೆ. ಮಳೆ ಬಂದರೆ ಮುಂದಿನ ಶನಿವಾರ, ಅದೇ ಹೊತ್ತಿಗೆ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ