ಅಪ್ಪನ ಬಗೆಗಿನ ಪದ್ಯಗಳು ಪುಸ್ತಕವಾದವು

ಅಂತೂ ಪುಸ್ತಕ ಬಂತು. ಅಪ್ಪ, ಕೊಡಗಿನ ಮುಕ್ಕೋಡ್ಲಿನ ನಮ್ಮ ಹಳೇ ಮನೆ, ಗುಡ್ಡಗಳೇ ಜಾರಿದ 2018ರ ಆ ಮಳೆ, ಎಲ್ಲ ಸೇರಿದ ಪದ್ಯಗಳು. ಕರಡು ತಿದ್ದಿದ ಗೆಳತಿ, ಮುಖಪುಟ ಮಾಡಿಕೊಟ್ಟ ತಮ್ಮ, ದುಡ್ಡು ಆಮೇಲೆ ಕೊಡಿ ಅಂದ ಪ್ರೆಸ್ಸಿನವರು, ಇದೆಲ್ಲ ಪದ್ಯವೇ ಅಲ್ಲ ಅಂತ ಕೆಲವನ್ನು ಹೊಡೆದು ಹಾಕಿದ ಮೇಷ್ಟ್ರು, ನಿಮ್ಮೆಲ್ಲರಿಗೂ ಥ್ಯಾಂಕ್ಸ್. (ಮೇಷ್ಟ್ರೇ, ಅದರಲ್ಲಿ ಒಂದನ್ನು ಮೆಲ್ಲಗೆ ವಾಪಸ್ ಸೇರಿಸಿದ್ದೇನೆ.)

ಉಳಿದದ್ದೆಲ್ಲ ಪಕ್ಕದ ತೋಟದ ಅಣ್ಣನಿಗೆ. ಹೆಸರು ಹಾಕಿದರೆ ಮಾತು ಬಿಡ್ತೇನೆ ಅಂದಿದ್ದಾನೆ. ಊರವರಿಗೆ ಹೇಗೂ ಗೊತ್ತಾಗುತ್ತದೆ.

ಆ ಆಗಸ್ಟ್ 16ರ ರಾತ್ರಿ ನಾನು ಮಂಗಳೂರಲ್ಲಿದ್ದೆ. ಊರಿಗೆ ಫೋನ್ ಹೋಗ್ತಿರಲಿಲ್ಲ. ಮರುದಿನ ಹೊರಡೋಣ ಅಂದರೆ ಮಡಿಕೇರಿ ದಾರಿಯ ಜೋಡುಪಾಲದ ಹತ್ತಿರ ಗುಡ್ಡವೇ ರಸ್ತೆಗೆ ಬಂದು ಬಿದ್ದಿತ್ತು. ಅಪ್ಪನನ್ನು ರಟ್ಟೆ ಹಿಡಿದು ಮೇಲಿನ ಮನೆಗೆ ಹತ್ತಿಸಿದ್ದು ಅಣ್ಣ. ಕೊಟ್ಟಿಗೆಗೆ ವಾಪಸ್ ಹೋಗಿ ದನಗಳ ಹಗ್ಗ ಕತ್ತಿಯಲ್ಲಿ ಕಡಿದು ಬಿಟ್ಟು ಬಂದದ್ದೂ ಅವನೇ. ಅಪ್ಪ ಮಲಗಲಿಲ್ಲ. ಕತ್ತಲಲ್ಲಿ ಗೋಡೆಗೆ ಒರಗಿ ಕೂತು ಗದ್ದೆಗಳ ಹೆಸರು ಹೇಳುತ್ತಾ ಇದ್ದರಂತೆ. ಹಲಸಿನ ಮರದ ಗದ್ದೆ, ತೋಡಿನ ಬದಿಯ ಗದ್ದೆ, ಅಜ್ಜಿ ಮೊದಲು ನಾಟಿಗೆ ಇಳಿಯುತ್ತಿದ್ದ ಗದ್ದೆ. ಅಣ್ಣ ಸುಮ್ನೆ ಹೂಂಗುಟ್ಟುತ್ತಾ ಕೂತಿದ್ದಾನೆ, ಹೊರಗೆ ಗುಡ್ಡ ಜಾರುವ ಸದ್ದು ಬಂದಾಗಲೆಲ್ಲ ಅಪ್ಪನಿಗೆ ಅದು ಕೇಳಬಾರದು ಅಂತ ಜೋರಾಗಿ "ಅದರ ಕೆಳಗಿನದು ಯಾವ್ದು ಮಾವ?" ಅಂತ ಕೇಳಿದ್ದಾನೆ. ಬೆಳಗಾಗುವವರೆಗೂ ಹೀಗೇ.

ಬರೆಯಲು ಕೂತಾಗ ನನಗೆ ಆ ಹೆಸರುಗಳಲ್ಲಿ ಅರ್ಧವೂ ಗೊತ್ತಿರಲಿಲ್ಲ. ಮೆಣಸಿನ ಬಳ್ಳಿ ಕಟ್ಟುತ್ತಾ ಕಟ್ಟುತ್ತಾ ಅಣ್ಣ ಎಲ್ಲವನ್ನೂ ಹೇಳಿದ, ಅಪ್ಪ ಹೇಳಿದ ಕ್ರಮದಲ್ಲೇ, ಮೇಲಿನಿಂದ ಹೊಳೆಯವರೆಗೆ. ಪುಸ್ತಕದಲ್ಲಿ ತುಂಬಾ ಜನ ಮೆಚ್ಚಿದ ಪದ್ಯ ಅದು. ನಾನು ಮಾಡಿದ್ದು ಸಾಲು ಮುರಿದದ್ದು ಅಷ್ಟೇ.

ಪಹಣಿಯಲ್ಲಿ ಆ ಗದ್ದೆಗಳು ಈಗಲೂ ಇವೆ. ಮಣ್ಣು ಮಾತ್ರ ಹಟ್ಟಿಹೊಳೆಗೆ ಇಳಿದು ಹಾರಂಗಿ ಜಲಾಶಯದಲ್ಲಿ ಹೂಳಾಗಿ ಕೂತಿದೆ. ರಸ್ತೆಗೆ, ಕಟ್ಟಡಕ್ಕೆ ಅಂತ ಗುಡ್ಡ ಕಡಿದದ್ದೂ ಒಂದು ಕಾರಣ ಅಂತ ತಜ್ಞರು ಹೇಳಿದರು. ಸರಿ, ಆದರೆ ಅಪ್ಪ ಯಾವ ಗುಡ್ಡ ಕಡಿದಿದ್ದರು? ಮನೆ ಕಳೆದುಕೊಂಡವರಿಗೆ ಅಂತ ಜಂಬೂರಿನಲ್ಲಿ ಕಟ್ಟಿದ ಹೊಸ ಮನೆಯಲ್ಲಿ ಕೊನೆಯವರೆಗೂ "ಮನೆಗೆ ಯಾವಾಗ ಹೋಗೋದು" ಅಂತಲೇ ಕೇಳುತ್ತಿದ್ದರು. ಇದೇ ಮನೆ ಅಪ್ಪ ಅಂದರೆ ನನ್ನ ಮುಖ ನೋಡುತ್ತಿದ್ದರು. ಆ ನೋಟದ ಬಗ್ಗೆ ಪದ್ಯ ಬರೆಯಲು ನನ್ನಿಂದ ಆಗಿಲ್ಲ. ಆಗೋದೂ ಬೇಡ.

ಇರಲಿ. ಮೊದಲ ಪ್ರತಿ ಅಣ್ಣನಿಗೇ ಕೊಟ್ಟೆ. ಪುಟ ತಿರುಗಿಸಿ ನೋಡಿ, "ಪದ್ಯ ಅಂದ್ರೆ ಇಷ್ಟೇನಾ, ಇದನ್ನ ನಾನೂ ಹೇಳ್ತಿದ್ದೆ" ಅಂದ. ಹೇಳಿದ್ದು ಅವನೇ ಅಲ್ವಾ! ಪುಸ್ತಕ ಬೇಕಾದವರು ನನಗೆ ಮೆಸೇಜ್ ಮಾಡಿ. ದಯವಿಟ್ಟು ಅವನಿಗೆ ಫೋನ್ ಮಾಡಿ ಹೊಗಳಬೇಡಿ, ಕಾಫಿ ಕೊಯ್ಲು ನಡೀತಿದೆ, ಬೈತಾನೆ.